ಸಾಕುಪ್ರಾಣಿಗಳ ತುರ್ತು ಪ್ರಥಮ ಚಿಕಿತ್ಸೆ

ಅಪಘಾತ, ವಿಷ, ಹಾವು ಕಡಿತ, ಬಿಸಿಲಿನ ಬಡಿತ, ಉಸಿರುಕಟ್ಟುವಿಕೆಯಂಥ ಹಠಾತ್ ಆಪತ್ತಿಗೆ ಸಿಕ್ಕ ಸಾಕುಪ್ರಾಣಿಗೆ ಪಶುವೈದ್ಯರ ಕೈ ಸೇರುವವರೆಗೆ ಮನೆಯವರು ಮಾಡುವ ಆರೈಕೆ. ಜೀವ ಉಳಿಸುವುದು, ಆಗಿರುವ ಹಾನಿ ಹೆಚ್ಚದಂತೆ ತಡೆಯುವುದು, ಪ್ರಾಣಿಯನ್ನೂ ಹೊತ್ತೊಯ್ಯುವವರನ್ನೂ ಕಾಪಾಡಿಕೊಂಡು ಆಸ್ಪತ್ರೆ ಮುಟ್ಟಿಸುವುದು ಇದರ ಗುರಿ. ರೋಗ ಇಂಥದ್ದೆಂದು ತೀರ್ಮಾನಿಸಿ ಮದ್ದು ಕೊಡುವುದು ಪಶುವೈದ್ಯರ ಕೆಲಸ. ಭಾರತದಲ್ಲಿ ಆ ಅಧಿಕಾರವನ್ನು 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆ ನೋಂದಾಯಿತ ಪಶುವೈದ್ಯರಿಗೆ ಕೊಟ್ಟಿದೆ.

ಮನುಷ್ಯರ ಪ್ರಥಮ ಚಿಕಿತ್ಸೆಯ ತತ್ತ್ವಗಳೇ ಇಲ್ಲೂ ನಡೆಯುತ್ತವೆ. ಆದರೆ ಈ ರೋಗಿ ಎಲ್ಲಿ ನೋವು, ಏನು ತಿಂದೆ ಎಂದು ಬಾಯಿಬಿಟ್ಟು ಹೇಳಲಾರದು. ಬೆಕ್ಕು, ಮೊಲ, ಹಕ್ಕಿಗಳಂತೂ ನೋವನ್ನು ಬಚ್ಚಿಡುವುದರಲ್ಲಿ ನಿಪುಣ. ಸೋತು ಮಲಗಿದಾಗಲೇ ನಮಗೆ ಗೊತ್ತಾಗುವುದು. ನೋವಾದರೆ ಪ್ರಾಣಿ ಸಾಕಿದವರನ್ನೂ ಕಚ್ಚುತ್ತದೆ. ನಮ್ಮ ಮನೆಯ ಮಾತ್ರೆ ಡಬ್ಬಿಯಲ್ಲಿರುವ ಎಷ್ಟೋ ಔಷಧಗಳು ಅದಕ್ಕೆ ವಿಷ. ಆದ್ದರಿಂದ ಈ ಚಿಕಿತ್ಸೆಯ ದೊಡ್ಡ ಪಾಲು ಕೈ ತಡೆಯುವುದರಲ್ಲಿದೆ. ತುರ್ತು ಚಿಕಿತ್ಸೆಗೆ ಬರುವ ಪ್ರಾಣಿಗಳಲ್ಲಿ ಹಲವು ಮೊದಲ ಪೆಟ್ಟಿಗಿಂತ ಹೆಚ್ಚಾಗಿ, ಪ್ರೀತಿಯಿಂದ ಕುಡಿಸಿದ ಉಪ್ಪುನೀರಿನಿಂದಲೋ ನುಂಗಿಸಿದ ಜ್ವರದ ಮಾತ್ರೆಯಿಂದಲೋ ನರಳುತ್ತವೆ.

ಹಿನ್ನೆಲೆ

ಪಶುವೈದ್ಯ ಕನ್ನಡಕ್ಕೆ ಹೊಸತಲ್ಲ. ಚಾಲುಕ್ಯ ರಾಜಕುಮಾರ ಕೀರ್ತಿವರ್ಮ 12ನೆಯ ಶತಮಾನದ ಮೊದಲ ಭಾಗದಲ್ಲಿ ‘ಗೋವೈದ್ಯ’ ಬರೆದ. ಕುದುರೆಗಳ ಚಿಕಿತ್ಸೆಗೆ ಮುಂದೆ ಅಭಿನವಚಂದ್ರನ ‘ಅಶ್ವವೈದ್ಯ’ ಬಂತು. ರಾಜ್ಯಕ್ಕೆ ಬೇಕಾದ ಪ್ರಾಣಿಗಳಿಗೆ ಶಾಸ್ತ್ರ ಹುಟ್ಟಿತು. ನಾಯಿ ಬೆಕ್ಕುಗಳು ಮನೆಮದ್ದಿನ ಪಾಲಿಗೆ ಉಳಿದವು. ಯುರೋಪಿನಲ್ಲೂ ಇದೇ ಕಥೆ. ಕ್ಲೋದ್ ಬೂರ್ಜೆಲಾ ಫ್ರಾನ್ಸಿನ ಲಿಯಾನ್‌ನಲ್ಲಿ 1762ರಲ್ಲಿ ತೆರೆದ ಮೊದಲ ಪಶುವೈದ್ಯ ಶಾಲೆಯ ಚಿಂತೆಯೆಲ್ಲ ಕುದುರೆ ಮತ್ತು ದನಗಳದ್ದು. ಬಡವರ ಮನೆಯ ನಾಯಿ ಬೆಕ್ಕುಗಳಿಗೆ ಉಚಿತ ಚಿಕಿತ್ಸೆ ಸಿಗಬೇಕೆಂದು ಮರಿಯಾ ಡಿಕಿನ್ ಲಂಡನ್ನಿನಲ್ಲಿ ಪಿಡಿಎಸ್‌ಎ ಸಂಸ್ಥೆ ಕಟ್ಟಿದ್ದು 1917ರಲ್ಲಿ. ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜು 1958ರಲ್ಲಿ ಆರಂಭವಾಯಿತು. ನಾಯಿ ಬೆಕ್ಕುಗಳ ಹೃದಯ ನಿಂತಾಗ ಏನು ಮಾಡಬೇಕೆಂಬುದಕ್ಕೆ ಪುರಾವೆಗಳನ್ನು ತೂಗಿ ಬರೆದ ಮೊದಲ ಮಾರ್ಗಸೂಚಿ ‘ರಿಕವರ್’ ಹೊರಬಂದದ್ದು 2012ರಲ್ಲಿ. 2024ರಲ್ಲಿ ಅದು ಪರಿಷ್ಕಾರಗೊಂಡಿತು.

ಆರೋಗ್ಯದ ದಿನದ ಪರಿಚಯ

ಆಪತ್ತಿನ ದಿನ ಪ್ರಾಣಿಯ ಸ್ಥಿತಿ ಅಳೆಯಬೇಕಾದರೆ ಅದು ಚೆನ್ನಾಗಿರುವ ದಿನ ಹೇಗಿರುತ್ತದೆಂದು ಗೊತ್ತಿರಬೇಕು. ನಾಯಿಯ ಸಹಜ ದೇಹೋಷ್ಣ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಬೆಕ್ಕಿನದೂ ಹೆಚ್ಚುಕಡಿಮೆ ಅಷ್ಟೇ. ನಮ್ಮ ಜ್ವರ ಅವುಗಳ ಆರೋಗ್ಯ. ಮೈ ಮುಟ್ಟಿ ‘ಸುಡ್ತಾ ಇದೆ’ ಎಂದು ಗಾಬರಿಯಾಗುವವರು ಇದನ್ನು ನೆನಪಿಡಬೇಕು. ಒಣಗಿದ ಮೂಗು ಜ್ವರದ ಗುರುತೆಂಬ ನಂಬಿಕೆಗೂ ಆಧಾರವಿಲ್ಲ. ಡಿಜಿಟಲ್ ಥರ್ಮಾಮೀಟರಿನ ತುದಿಗೆ ವ್ಯಾಸಲಿನ್ ಅಥವಾ ಕೊಬ್ಬರಿ ಎಣ್ಣೆ ಸವರಿ ಗುದದಲ್ಲಿ ಸುಮಾರು ಎರಡು ಸೆಂಟಿಮೀಟರ್ ಇಟ್ಟು ನೋಡುವುದೇ ನಂಬುವಂಥ ಅಳತೆ.

ವಿಶ್ರಾಂತಿಯಲ್ಲಿರುವ ನಾಯಿ ನಿಮಿಷಕ್ಕೆ 10ರಿಂದ 30 ಸಲ ಉಸಿರಾಡುತ್ತದೆ. ಬೆಕ್ಕು 20ರಿಂದ 30 ಸಲ. ನಾಯಿಯ ಹೃದಯ ನಿಮಿಷಕ್ಕೆ 60ರಿಂದ 140 ಸಲ ಬಡಿಯುತ್ತದೆ, ಸಣ್ಣ ಜಾತಿಗಳಲ್ಲಿ ಹೆಚ್ಚು, ದೊಡ್ಡವುಗಳಲ್ಲಿ ಕಡಿಮೆ. ಬೆಕ್ಕಿನದು 140ರಿಂದ 220. ಹಿಂಗಾಲಿನ ತೊಡೆಯ ಒಳಮಗ್ಗುಲಲ್ಲಿ ಎರಡು ಬೆರಳಿಟ್ಟರೆ ನಾಡಿ ಸಿಗುತ್ತದೆ. ನಾಯಿ ತೇಕುವುದು ಸಹಜ. ಬೆಕ್ಕು ಸುಮ್ಮನೆ ಕೂತಲ್ಲೇ ಬಾಯಿ ತೆರೆದು ತೇಕುತ್ತಿದ್ದರೆ ಅದು ತುರ್ತು ಸ್ಥಿತಿ, ಬೆಳಗಾಗುವವರೆಗೆ ಕಾಯುವಂತಿಲ್ಲ.

ಎಲ್ಲಕ್ಕಿಂತ ಹೆಚ್ಚು ಮಾತಾಡುವುದು ಒಸಡು. ಪ್ರಾಣಿಯ ಪಕ್ಕಕ್ಕೆ ಕೂತು ಮೇಲ್ದುಟಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಎತ್ತಿ, ಕೋರೆಹಲ್ಲಿನ ಮೇಲಿನ ಒಸಡನ್ನು ಒತ್ತಿ ಬಿಡಬೇಕು. ಒತ್ತಿದ ಜಾಗ ಬೆಳ್ಳಗಾಗಿ, ‘ಒಂದು, ಎರಡು’ ಎನ್ನುವುದರೊಳಗೆ ಗುಲಾಬಿ ಬಣ್ಣ ಮರಳಿದರೆ ರಕ್ತದ ಓಟ ಸರಿಯಿದೆ. ಎರಡು ಸೆಕೆಂಡು ಮೀರಿತೆಂದರೆ ದೇಹ ಆಘಾತಕ್ಕೆ ಇಳಿಯುತ್ತಿದೆ ಎಂದು ಅರ್ಥ. ಸುಣ್ಣದಂತೆ ಬೆಳ್ಳಗಿದ್ದರೆ ರಕ್ತ ಎಲ್ಲೋ ಸೋರುತ್ತಿದೆ, ಹೊಟ್ಟೆಯೊಳಗೂ ಇರಬಹುದು. ನೀಲಿಯಾದರೆ ಆಮ್ಲಜನಕವಿಲ್ಲ. ಇಟ್ಟಿಗೆಯಂತೆ ಕೆಂಪಾದರೆ ಮೈ ಕಾದಿದೆ ಅಥವಾ ನಂಜೇರಿದೆ. ಬೆಕ್ಕಿನಲ್ಲಿ ಚಾಕೊಲೇಟಿನಂಥ ಕಂದು ಕಂಡರೆ ಪ್ಯಾರಾಸಿಟಮಾಲ್ ಹೊಟ್ಟೆ ಸೇರಿರುವ ಶಂಕೆ. ಕೆಲವು ನಾಯಿಗಳ ಒಸಡು ಹುಟ್ಟಿನಿಂದಲೇ ಕಪ್ಪು. ಅಂಥವುಗಳ ಕಣ್ಣಿನ ಕೆಳರೆಪ್ಪೆ ಜಗ್ಗಿ ಒಳಬಣ್ಣ ನೋಡಬೇಕು. ವಾರಕ್ಕೊಮ್ಮೆ ಮೈ ಸವರುವಾಗ ತುಟಿ ಎತ್ತಿ ನೋಡುವ ರೂಢಿಯಿದ್ದರೆ, ಕಷ್ಟದ ರಾತ್ರಿಯಲ್ಲಿ ಪ್ರಾಣಿಯೂ ಸಹಿಸಿಕೊಳ್ಳುತ್ತದೆ, ನೋಡುವ ಕಣ್ಣಿಗೂ ವ್ಯತ್ಯಾಸ ತಿಳಿಯುತ್ತದೆ.

ಹತ್ತಿರ ಹೋಗುವ ಬಗೆ

ರಸ್ತೆಯಲ್ಲಿ ಬಿದ್ದ ನಾಯಿಯ ಬಳಿಗೆ ಓಡುವ ಮುನ್ನ ವಾಹನಗಳನ್ನು ನೋಡಬೇಕು. ವಿದ್ಯುತ್ ತಂತಿ ಕಚ್ಚಿದ ಪ್ರಾಣಿಯನ್ನು ಮುಟ್ಟುವ ಮುನ್ನ ಮೇನ್ ಸ್ವಿಚ್ ಆರಿಸಬೇಕು. ಎದುರಿನಿಂದ ಬಗ್ಗಿ ಮುಖಕ್ಕೆ ಮುಖ ಕೊಡದೆ, ಮಗ್ಗುಲಿನಿಂದ, ತಗ್ಗಿದ ದನಿಯಲ್ಲಿ ಅದರ ಹೆಸರು ಹಿಡಿದು ಮಾತಾಡಿಸುತ್ತ ಹೋಗುವುದು ಕ್ಷೇಮ.

ಹಳ್ಳಿಯಲ್ಲಿ ಕರುವಿಗೆ ಬಾಯಿಕುಕ್ಕೆ ಹಾಕುವಂತೆ ನಾಯಿಗೂ ಹಾಕಬಹುದು. ಹಳೆಯ ಪಂಚೆಯ ಅಂಚನ್ನೋ ಬ್ಯಾಂಡೇಜ್ ಸುರುಳಿಯನ್ನೋ ಕುಣಿಕೆ ಮಾಡಿ ಮೂತಿಗೆ ತೊಡಿಸಿ, ಗಂಟು ಮೇಲೆ ಬರುವಂತೆ ಬಿಗಿದು, ಎರಡು ತುದಿಗಳನ್ನೂ ಗದ್ದದ ಕೆಳಗೆ ಹಾಯಿಸಿ ಕಿವಿಗಳ ಹಿಂದೆ ಎಳೆದರೆ ಬಿಚ್ಚುವ ಗಂಟು ಹಾಕಬೇಕು. ಪಗ್, ಶಿಟ್ಸುಗಳಂಥ ಚಪ್ಪಟೆ ಮೂತಿಯವಕ್ಕೆ, ವಾಂತಿ ಮಾಡುತ್ತಿರುವವಕ್ಕೆ, ಉಸಿರಿಗೆ ಒದ್ದಾಡುವವಕ್ಕೆ ಹೀಗೆ ಕಟ್ಟಬಾರದು. ಬೆಕ್ಕಿಗೆ ದಪ್ಪ ಟವೆಲ್ಲೇ ಸಾಕು: ಮೇಲಿನಿಂದ ಹೊದಿಸಿ, ನಾಲ್ಕು ಕಾಲೂ ಒಳಗಾಗುವಂತೆ ಸುತ್ತಿ, ಮುಖ ಮಾತ್ರ ಹೊರಗಿರುವಂತೆ ಎತ್ತಿಕೊಂಡರೆ ಉಗುರಿನ ಭಯವಿಲ್ಲ.

ಗಾಯ, ರಕ್ತಸ್ರಾವ, ಮೂಳೆ ಮುರಿತ

ಸುರಿಯುವ ರಕ್ತಕ್ಕೆ ಮೊದಲ ಮದ್ದು ಅಂಗೈಯ ಒತ್ತಡ. ಶುಭ್ರವಾದ ಬಟ್ಟೆ ಮಡಿಸಿಟ್ಟು ಐದು ನಿಮಿಷ ಬಿಡದೆ ಒತ್ತಬೇಕು. ‘ನಿಂತಿತೇ?’ ಎಂದು ಪದೇ ಪದೇ ಎತ್ತಿ ನೋಡಿದರೆ ಹೆಪ್ಪು ಕಿತ್ತುಬರುತ್ತದೆ. ಬಟ್ಟೆ ನೆನೆದರೆ ಅದರ ಮೇಲೇ ಇನ್ನೊಂದು ಇಡಬೇಕು. ಚುಚ್ಚಿ ನಿಂತ ಕಬ್ಬಿಣವನ್ನೋ ಕಟ್ಟಿಗೆಯ ಚೂರನ್ನೋ ಕೀಳಬಾರದು. ಮಲೆನಾಡಿನಲ್ಲಿ ಮುಳ್ಳುಹಂದಿಯ ತಂಟೆಗೆ ಹೋಗಿ ಮುಖದ ತುಂಬ ಮುಳ್ಳು ಚುಚ್ಚಿಸಿಕೊಂಡು ಬರುವ ನಾಯಿಗಳಿಗೂ ಇದೇ ಮಾತು. ಕತ್ತರಿಸಿದರೆ ಮುಳ್ಳು ಸೀಳಿ ಒಳಗೆ ಉಳಿಯುತ್ತದೆ. ಅರಿವಳಿಕೆ ಕೊಟ್ಟು ವೈದ್ಯರೇ ತೆಗೆಯಬೇಕು. ಕೆರೆದ ಗಾಯ, ಸಣ್ಣ ಕಡಿತಗಳನ್ನು ತೊಳೆಯಲು ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು ಸಾಕು. ಡೆಟಾಲು, ಫಿನಾಯಿಲು ಬೆಕ್ಕಿನ ಮೈಗೆ ತಾಗಲೇಬಾರದು, ನೆಕ್ಕಿ ಹೊಟ್ಟೆಗೆ ಸೇರುತ್ತದೆ. ಮಳೆಗಾಲದಲ್ಲಿ ಗಾಯಕ್ಕೆ ನೊಣ ಕೂತು ಒಂದೆರಡು ದಿನದಲ್ಲಿ ಹುಳ ಬೀಳುತ್ತದೆ. ಹೊರಗೆ ಕಾಣುವ ತೂತು ಬಟಾಣಿಯಷ್ಟಿದ್ದರೂ ಒಳಗೆ ಅಂಗೈಯಗಲ ತಿಂದಿರಬಹುದು.

ವಾಹನ ಬಡಿದ ಪ್ರಾಣಿ ಎದ್ದು ಓಡಿದರೂ ನೋಡಿಸಿಕೊಂಡು ಬರಬೇಕು. ಶ್ವಾಸಕೋಶಕ್ಕೆ ಪೆಟ್ಟಾದದ್ದು, ಮೂತ್ರಕೋಶ ಒಡೆದದ್ದು ಕೆಲವು ಗಂಟೆಗಳ ಮೇಲೆ ಗೊತ್ತಾಗುತ್ತದೆ. ಮುರಿದ ಕಾಲಿಗೆ ಮನೆಯಲ್ಲಿ ದಬ್ಬೆ ಕಟ್ಟುವುದು ಬೇಡ. ತಪ್ಪಾಗಿ ಕಟ್ಟಿದ ದಬ್ಬೆ ಮೂಳೆಯ ಚೂಪನ್ನು ಚರ್ಮದಾಚೆ ತಳ್ಳುತ್ತದೆ. ಹಲಗೆ, ಬಾಗಿಲ ಮ್ಯಾಟ್, ಇಬ್ಬರು ಬಿಗಿಹಿಡಿದ ಬೆಡ್‌ಶೀಟು ಸ್ಟ್ರೆಚರಾಗುತ್ತವೆ. ಅಪಾರ್ಟ್‌ಮೆಂಟಿನ ಬಾಲ್ಕನಿಯಿಂದ ಬಿದ್ದ ಬೆಕ್ಕುಗಳ ಬಗ್ಗೆ ಒಂದು ಮಾತು. ನ್ಯೂಯಾರ್ಕಿನಲ್ಲಿ ಎತ್ತರದಿಂದ ಬಿದ್ದು ಚಿಕಿತ್ಸೆಗೆ ಬಂದ 132 ಬೆಕ್ಕುಗಳನ್ನು ಕುರಿತ 1987ರ ವರದಿಯಲ್ಲಿ ಸುಮಾರು ಶೇ. 90ರಷ್ಟು ಬದುಕಿದ್ದವು. ಬೆಕ್ಕು ಬಿದ್ದರೆ ಏನೂ ಆಗುವುದಿಲ್ಲವೆಂಬುದಕ್ಕೆ ಇದನ್ನು ಸಾಕ್ಷಿಯಾಗಿ ತೋರಿಸುವುದುಂಟು. ಅವುಗಳಲ್ಲಿ ಹಲವು ಬದುಕಿದ್ದು ಚಿಕಿತ್ಸೆ ಸಿಕ್ಕಿದ್ದರಿಂದ. ಹಲವಕ್ಕೆ ಎದೆಗೆ ಪೆಟ್ಟಾಗಿತ್ತು, ದವಡೆ, ಹಲ್ಲು ಮುರಿದಿದ್ದವು.

ಸುಟ್ಟ ಗಾಯಕ್ಕೆ ನಲ್ಲಿಯ ತಣ್ಣೀರನ್ನು ಕನಿಷ್ಠ ಹತ್ತು ನಿಮಿಷ ಬಿಡಬೇಕು. ಟೂತ್‌ಪೇಸ್ಟ್, ಇಂಕು, ಅರಿಶಿನ, ಮಂಜುಗಡ್ಡೆ ಯಾವುದೂ ಬೇಡ. ವಿದ್ಯುತ್ ಆಘಾತವಾದ ಪ್ರಾಣಿ ಚೇತರಿಸಿಕೊಂಡಂತೆ ಕಂಡರೂ ಮರುದಿನದೊಳಗೆ ಶ್ವಾಸಕೋಶದಲ್ಲಿ ನೀರು ತುಂಬಬಹುದಾದ್ದರಿಂದ ಆಸ್ಪತ್ರೆಗೆ ಹೋಗಲೇಬೇಕು.

ಉಸಿರು ಮತ್ತು ಹೃದಯ

ಗಂಟಲಲ್ಲಿ ಚೆಂಡು ಅಥವಾ ಮೂಳೆ ಸಿಕ್ಕ ನಾಯಿ ಮುಂಗಾಲಿನಿಂದ ಬಾಯಿ ಪರಚಿಕೊಳ್ಳುತ್ತದೆ, ಜೊಲ್ಲು ಸುರಿಸುತ್ತದೆ, ನಾಲಗೆ ನೀಲಿಯಾಗುತ್ತದೆ. ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಬೇಕು. ಉಸಿರು ಪೂರ್ತಿ ಕಟ್ಟಿದ್ದು, ವಸ್ತು ಕಣ್ಣಿಗೆ ಕಾಣುತ್ತಿದ್ದರೆ ಮಾತ್ರ ಬೆರಳಿನಿಂದ ಹೊರಕ್ಕೆ ಸೆಳೆಯಬಹುದು. ಕುರುಡಾಗಿ ತೂರಿಸಿದ ಬೆರಳು ಅದನ್ನು ಇನ್ನೂ ಒಳಗೆ ನೂಕುತ್ತದೆ. ಸಣ್ಣ ನಾಯಿಯನ್ನು ಹಿಂಗಾಲು ಮೇಲಾಗಿ ಹಿಡಿದು ಬೆನ್ನಿಗೆ ತಟ್ಟುವುದು, ದೊಡ್ಡದರ ಹಿಂದೆ ನಿಂತು ಪಕ್ಕೆಲುಬು ಮುಗಿಯುವಲ್ಲಿ ಮುಷ್ಟಿಯಿಟ್ಟು ಒಳಕ್ಕೂ ಮುಂದಕ್ಕೂ ಒತ್ತುವುದು ಉಳಿದ ದಾರಿ. ಆದರೆ ಇದಕ್ಕೆ ಕೈ ಹಾಕುವ ಮುನ್ನ ಮುಂದೆ ಹೇಳುವ ರೇಬೀಸಿನ ಮಾತನ್ನು ನೆನೆಯಬೇಕು.

ಕೂಗಿದರೂ ಮುಟ್ಟಿದರೂ ಅಲುಗದ, ಉಸಿರಾಡದ ಪ್ರಾಣಿಯ ನಾಡಿ ಹುಡುಕುತ್ತ ಹತ್ತು ಸೆಕೆಂಡಿಗಿಂತ ಹೆಚ್ಚು ಕಳೆಯದೆ ಎದೆ ಒತ್ತಲು ತೊಡಗಬೇಕು. ಮಗ್ಗುಲಿಗೆ ಮಲಗಿಸಿ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ, ಎದೆಯ ಅಗಲದ ಮೂರನೆಯ ಒಂದರಿಂದ ಅರ್ಧದಷ್ಟು ಕುಸಿಯುವಂತೆ ಒತ್ತಿ, ಪ್ರತಿಸಲ ಪೂರ್ತಿ ಮೇಲೇಳಲು ಬಿಡಬೇಕು. 30 ಒತ್ತಿಗೆ ಎರಡು ಉಸಿರು: ಬಾಯಿ ಮುಚ್ಚಿಹಿಡಿದು ಮೂಗಿನ ಮೂಲಕ, ಎದೆ ಏರುವಷ್ಟೇ ಊದಬೇಕು. ಒತ್ತುವ ಜಾಗ ನಾಯಿಯ ಮೈಕಟ್ಟನ್ನು ಅವಲಂಬಿಸಿದೆ. ಲ್ಯಾಬ್ರಡಾರಿನಂಥ ದುಂಡು ಎದೆಯದಕ್ಕೆ ಎದೆಯ ಅತಿ ಅಗಲವಾದ ಭಾಗದ ಮೇಲೆ. ನಮ್ಮ ಮುಧೋಳ ನಾಯಿಯಂಥ ಆಳವಾದ, ಕಿರಿದಾದ ಎದೆಯದಕ್ಕೆ ಮೊಣಕೈ ಹಿಂದೆ, ನೇರ ಹೃದಯದ ಮೇಲೆ. ಬುಲ್‌ಡಾಗಿನಂಥದನ್ನು ಅಂಗಾತ ಮಲಗಿಸಿ. ಬೆಕ್ಕಿನ ಎದೆಯನ್ನು ಒಂದೇ ಕೈಯ ಹೆಬ್ಬೆರಳು ಮತ್ತು ಉಳಿದ ಬೆರಳುಗಳ ನಡುವೆ ಒತ್ತಬಹುದು. ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗಬೇಕು, ಏಕೆಂದರೆ ದಣಿದ ಕೈ ಆಳಕ್ಕೆ ಒತ್ತುವುದಿಲ್ಲ. ಸಜ್ಜಾದ ಆಸ್ಪತ್ರೆಗಳಲ್ಲೂ ಹೀಗೆ ನಿಂತ ಹೃದಯ ಮರಳಿ, ಪ್ರಾಣಿ ಮನೆಗೆ ಹೋಗುವುದು ಹತ್ತರಲ್ಲಿ ಒಂದಕ್ಕಿಂತ ಕಡಿಮೆ. ಪ್ರಯತ್ನಿಸಿ ಸೋತ ಮನೆಯವರು ತಮ್ಮನ್ನು ದೂರಿಕೊಳ್ಳಬೇಕಾಗಿಲ್ಲ.

ಬಿಸಿಲಿನ ಬಡಿತ

ನಾಯಿಗೆ ಬೆವರು ಬರುವುದು ಪಾದದ ಮೆತ್ತೆಗಳಲ್ಲಷ್ಟೇ. ಮೈ ತಣಿಯಲು ಇರುವ ಮುಖ್ಯ ದಾರಿ ತೇಕುವುದು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ತಗಡಿನ ಚಾವಣಿಯ ಕೆಳಗೆ ಕಟ್ಟಿಹಾಕಿದ ನಾಯಿ, ಕರಾವಳಿಯ ಜಿಗುಟು ಸೆಕೆಯಲ್ಲಿ ಮಧ್ಯಾಹ್ನ ಓಡಾಡಿಸಿದ ಪಗ್, ಕಿಟಕಿ ಏರಿಸಿ ನಿಲ್ಲಿಸಿದ ಕಾರಿನೊಳಗಿನ ಮರಿ ಇದಕ್ಕೆ ಬಲಿಯಾಗುತ್ತವೆ. ಬಿಸಿಲಲ್ಲಿ ನಿಂತ ಕಾರಿನ ಒಳಗಿನ ಶಾಖ ಹತ್ತೇ ನಿಮಿಷದಲ್ಲಿ ಸುಮಾರು ಹತ್ತು ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಕಿಟಕಿ ನಾಲ್ಕು ಬೆರಳು ಇಳಿಸಿದ್ದರಿಂದ ಹೆಚ್ಚೇನೂ ವ್ಯತ್ಯಾಸವಾಗದು. ನಿಲ್ಲದ ಏದುಸಿರು, ಅಂಟು ಜೊಲ್ಲು, ಇಟ್ಟಿಗೆಗೆಂಪು ಒಸಡು, ತೂರಾಡುವ ನಡಿಗೆ, ಆಮೇಲೆ ವಾಂತಿ, ರಕ್ತಭೇದಿ, ಸೆಳೆತ. ಮೈ 106 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಮಿದುಳು, ಮೂತ್ರಪಿಂಡ, ಕರುಳಿನ ಒಳಪದರ ಕೆಡತೊಡಗುತ್ತವೆ.

ಇಲ್ಲಿ ಕ್ರಮ ಮುಖ್ಯ: ಮೊದಲು ತಣಿಸಿ, ಆಮೇಲೆ ಸಾಗಿಸಿ. ನೆರಳಿಗೆ ತಂದು ಹೊಟ್ಟೆ, ತೊಡೆಸಂದು, ಕಂಕುಳು, ಪಾದಗಳಿಗೆ ನಲ್ಲಿ ನೀರನ್ನು ಸುರಿಯುತ್ತ ಫ್ಯಾನಿನ ಗಾಳಿ ಹಾಯಿಸಬೇಕು. ಒದ್ದೆ ಟವೆಲ್ ಹೊದಿಸಿ ಹಾಗೇ ಬಿಟ್ಟರೆ ಅದೇ ಕಂಬಳಿಯಾಗಿ ಶಾಖವನ್ನು ಹಿಡಿದಿಡುತ್ತದೆ. ಎಚ್ಚರವಿದ್ದರೆ ನೀರು ಮುಂದಿಡಬಹುದು, ಬಲವಂತವಾಗಿ ಕುಡಿಸಬಾರದು. 103.5 ಡಿಗ್ರಿಗೆ ಇಳಿದ ಮೇಲೆ ನೀರು ಹೊಯ್ಯುವುದನ್ನು ನಿಲ್ಲಿಸಬೇಕು, ಇಲ್ಲವಾದರೆ ಮೈ ಸಹಜಕ್ಕಿಂತಲೂ ಕೆಳಗೆ ಜಾರುತ್ತದೆ. ಎದ್ದು ಬಾಲ ಆಡಿಸಿದರೂ ಆಸ್ಪತ್ರೆಗೆ ಹೋಗಬೇಕು; ಮೂತ್ರಪಿಂಡದ ಹಾನಿ ಒಂದೆರಡು ದಿನ ಬಿಟ್ಟು ತಲೆಯೆತ್ತುತ್ತದೆ.

ವಿಷಗಳು

ಮನೆಯೊಳಗಿನ ವಿಷಗಳಲ್ಲಿ ಮೊದಲು ಹೆಸರಿಸಬೇಕಾದ್ದು ಪ್ಯಾರಾಸಿಟಮಾಲ್. ಅದನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರ ಕಡಿಮೆ. 500 ಮಿಲಿಗ್ರಾಂನ ಒಂದು ಮಾತ್ರೆ ದೊಡ್ಡ ಬೆಕ್ಕನ್ನು ಕೊಲ್ಲಬಲ್ಲದು: ರಕ್ತ ಆಮ್ಲಜನಕ ಹೊರಲಾರದಾಗುತ್ತದೆ, ಒಸಡು ಕಂದಾಗುತ್ತದೆ, ಮುಖ ಮತ್ತು ಪಂಜ ಊದುತ್ತವೆ. ಸಮಯಕ್ಕೆ ತಲುಪಿದರೆ ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷವಿದೆ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳು ನಾಯಿಗಳ ಹೊಟ್ಟೆಯಲ್ಲಿ ಹುಣ್ಣೆಬ್ಬಿಸಿ ಮೂತ್ರಪಿಂಡ ಕೆಡಿಸುತ್ತವೆ.

ಅಡುಗೆಮನೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿಗಳು ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಗುಣ ಹೋಗುವುದಿಲ್ಲ, ಆದ್ದರಿಂದ ಸಾರನ್ನ ಕಲಸಿ ಹಾಕುವ ಮನೆಗಳು ಯೋಚಿಸಬೇಕು. ದ್ರಾಕ್ಷಿ, ಒಣದ್ರಾಕ್ಷಿ ಕೆಲವು ನಾಯಿಗಳ ಮೂತ್ರಪಿಂಡಕ್ಕೆ ಮಾರಕ; ಪಾಯಸದ ಗೋಡಂಬಿ ಜೊತೆಗಿನ ದ್ರಾಕ್ಷಿಯೂ ಲೆಕ್ಕಕ್ಕೆ ಬರುತ್ತದೆ. ಚಾಕೊಲೇಟಿನ ವಿಷ ಥಿಯೊಬ್ರೊಮಿನ್. ಹಾಲಿನ ಚಾಕೊಲೇಟಿನ ಒಂದು ತುಂಡು ದೊಡ್ಡ ನಾಯಿಗೆ ಏನೂ ಮಾಡದು. ಕಡು ಚಾಕೊಲೇಟು, ಕೋಕೋ ಪುಡಿ ಸಣ್ಣ ನಾಯಿಯ ಹೃದಯವನ್ನು ದಿಕ್ಕೆಡಿಸುತ್ತವೆ. ಸಕ್ಕರೆಯಿಲ್ಲದ ಚ್ಯೂಯಿಂಗ್ ಗಮ್ಮಿನ ಜೈಲಿಟಾಲ್ ಅರ್ಧ ಗಂಟೆಯಲ್ಲೇ ನಾಯಿಯ ರಕ್ತದ ಸಕ್ಕರೆಯನ್ನು ಇಳಿಸಬಲ್ಲದು. ಅಂಗಳದ ಕಣಗಿಲೆ, ಉಮ್ಮತ್ತಿ, ಸೈಕಸ್ ಬೀಜ ನಂಜಿನವು. ಲಿಲಿ ಹೂವಿನ ಪರಾಗ ಮೈಗೆ ಅಂಟಿ ನೆಕ್ಕಿದರೂ ಬೆಕ್ಕಿನ ಮೂತ್ರಪಿಂಡ ನಿಲ್ಲುತ್ತದೆ.

ಇಲಿ ಪಾಷಾಣದಲ್ಲಿ ಬಗೆಗಳಿವೆ, ಅವುಗಳ ನಡತೆಯೂ ಬೇರೆ ಬೇರೆ. ಬ್ರೊಮಾಡಿಯೊಲೋನ್ ಬಿಲ್ಲೆ ತಿಂದ ನಾಯಿ ಎರಡು ಮೂರು ದಿನ ಆಡಿಕೊಂಡಿರುತ್ತದೆ. ರಕ್ತ ಹೆಪ್ಪುಗಟ್ಟಿಸುವ ಅಂಶಗಳು ಮುಗಿದ ಮೇಲೆ ಮೂಗಿನಿಂದಲೋ ಎದೆಯೊಳಗೋ ರಕ್ತ ಸೋರತೊಡಗುತ್ತದೆ. ತಿಂದ ದಿನವೇ ಕರೆದೊಯ್ದರೆ ಕೆ1 ಜೀವಸತ್ವದಿಂದ ನಿಶ್ಚಿಂತೆಯಾಗಿ ಉಳಿಯುತ್ತದೆ. ಜಿಂಕ್ ಫಾಸ್ಫೈಡಿನದು ತದ್ವಿರುದ್ಧ. ಹೊಟ್ಟೆಯ ಆಮ್ಲ ತಾಗಿದೊಡನೆ ಫಾಸ್ಫೀನ್ ಅನಿಲ ಏಳುತ್ತದೆ. ಅನ್ನ ಹಾಕಿದರೆ ಆಮ್ಲ ಹೆಚ್ಚಿ ಅನಿಲವೂ ಹೆಚ್ಚುತ್ತದೆ. ಆ ವಾಂತಿಯ ಹೊಗೆ ನಮಗೂ ವಿಷ, ಕಾರಿನ ಕಿಟಕಿ ತೆರೆದಿರಬೇಕು. ಉಣ್ಣೆ ಸಾಯಲೆಂದು ಬೆಳೆಗೆ ಹೊಡೆಯುವ ಕೀಟನಾಶಕವನ್ನು ನಾಯಿಯ ಮೈಗೆ ಸವರುವ ರೂಢಿ ಹಳ್ಳಿಗಳಲ್ಲಿ ಇನ್ನೂ ಇದೆ. ಜೊಲ್ಲು, ಕಣ್ಣೀರು, ಭೇದಿ, ನಡುಕ, ಸೂಜಿಮೊನೆಯಷ್ಟು ಕುಗ್ಗಿದ ಕಣ್ಣಪಾಪೆ ಅದರ ಗುರುತು. ಕೈಗವಸು ತೊಟ್ಟು ಸೋಪಿನಿಂದ ಮೈ ತೊಳೆಯಬೇಕು, ಅಟ್ರೊಪಿನ್ ಕೊಡಲು ವೈದ್ಯರಿರುವಲ್ಲಿಗೆ ಧಾವಿಸಬೇಕು. ನಾಯಿಗೆಂದು ತಂದ ಪರ್ಮೆಥ್ರಿನ್ ಔಷಧಿಯನ್ನು ಬೆಕ್ಕಿಗೆ ಹಚ್ಚಿದರೆ ಗಂಟೆಗಳಲ್ಲಿ ಅದಕ್ಕೆ ನಡುಕ, ಸೆಳೆತ ಬರುತ್ತದೆ.

ವಿಷ ತಿಂದಿತೆಂದು ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ರೂಢಿಯನ್ನು ಬಿಡಲೇಬೇಕು. ಉಪ್ಪಿನಿಂದಲೇ ಮಿದುಳು ಊದಿ ನಾಯಿ ಸಾಯಬಹುದು. ಹಾಲು, ಮೊಟ್ಟೆ, ಹುಣಿಸೆ ನೀರು, ಎಣ್ಣೆ ಕೂಡ ಬೇಡ. ಆಸಿಡ್ ಕುಡಿದ ಪ್ರಾಣಿಯಲ್ಲಿ ವಾಂತಿ ಎರಡನೆಯ ಬಾರಿ ಗಂಟಲು ಸುಡುತ್ತದೆ. ಸೀಮೆಎಣ್ಣೆ ಕುಡಿದ ಅಥವಾ ಮೈಮರೆತ ಪ್ರಾಣಿಯಲ್ಲಿ ಅದು ಶ್ವಾಸಕೋಶ ಸೇರುತ್ತದೆ. ಮನೆಯವರು ಮಾಡಬಹುದಾದ ದೊಡ್ಡ ಉಪಕಾರವೆಂದರೆ ವಿಷದ ಪ್ಯಾಕೆಟ್ಟನ್ನು ಎತ್ತಿಟ್ಟುಕೊಂಡು, ಎಷ್ಟು ಹೊತ್ತಿಗೆ, ಎಷ್ಟು ತಿಂದಿತೆಂದು ಬರೆದುಕೊಂಡು ಹೊರಡುವುದು.

ಹಾವು, ಕಪ್ಪೆ, ಇಂಬಳ

ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಭಾರತದ ನಾಲ್ಕು ಮುಖ್ಯ ವಿಷದ ಹಾವುಗಳು. ನಾಯಿ ಮೂಸಲು ಹೋಗುವುದರಿಂದ ಕಡಿತ ಹೆಚ್ಚಾಗಿ ಮುಖಕ್ಕೆ, ಮುಂಗಾಲಿಗೆ. ಮಂಡಲದ ಹಾವು ಕಡಿದರೆ ಆ ಜಾಗ ನೋಡನೋಡುತ್ತ ಊದಿ ರಕ್ತ ಒಸರುತ್ತದೆ. ನಾಗರ ಮತ್ತು ಕಟ್ಟುಹಾವಿನ ವಿಷಕ್ಕೆ ಕಣ್ರೆಪ್ಪೆ ಜೋಲುತ್ತದೆ, ಹಿಂಗಾಲು ಸೋಲುತ್ತವೆ, ಕೊನೆಗೆ ಉಸಿರು ನಿಲ್ಲುತ್ತದೆ. ಕಟ್ಟುವುದು, ಕೊಯ್ಯುವುದು, ಹೀರುವುದು, ಐಸ್ ಇಡುವುದು ಎಲ್ಲವೂ ಹಾನಿ. ನಡೆಸದೆ ಎತ್ತಿಕೊಂಡು, ಕೊರಳಪಟ್ಟಿ ಬಿಚ್ಚಿ ಕರೆದೊಯ್ಯಬೇಕು. ಮನುಷ್ಯರಿಗೆ ಕೊಡುವ ಬಹುವಿಷ ನಿರೋಧಕ ಸೀರಮ್ಮನ್ನೇ ನಾಯಿಗೂ ಕೊಡುತ್ತಾರೆ. ಸಣ್ಣ ನಾಯಿಗೆ ಸಣ್ಣ ಪ್ರಮಾಣ ಎಂಬ ಲೆಕ್ಕ ಇಲ್ಲಿಲ್ಲ, ಮೈಸೇರಿದ ವಿಷದ ಪ್ರಮಾಣವೇ ಲೆಕ್ಕ. ಆದ್ದರಿಂದ ಹೊರಡುವ ಮುನ್ನ ಫೋನ್ ಮಾಡಿ ಸೀರಮ್ ಇದೆಯೇ ಎಂದು ಕೇಳಿಕೊಳ್ಳುವುದು ಒಂದು ಗಂಟೆ ಉಳಿಸಬಹುದು. ಪಶ್ಚಿಮಘಟ್ಟದ ತೋಟಗಳಲ್ಲಿರುವ ಗೂನುಮೂಗಿನ ಗುಳಿಮಂಡಲದ ವಿಷಕ್ಕೆ ಈ ಸೀರಮ್ ಆಗಿಬರುವುದಿಲ್ಲ. ಅಲ್ಲಿ ಊತ, ರಕ್ತಸ್ರಾವಗಳಿಗೆ ಬೇರೆ ಆರೈಕೆಯೇ ಗತಿ.

ಮೊದಲ ಮಳೆಗೆ ಹೊರಬರುವ ನೆಲಗಪ್ಪೆಯನ್ನು ಕಚ್ಚಿದ ನಾಯಿ ನೊರೆ ಕಾರುತ್ತದೆ. ತಲೆ ಕೆಳಮುಖವಾಗಿ ಹಿಡಿದು, ನೀರು ಗಂಟಲಿಗೆ ಇಳಿಯದಂತೆ ಬಾಯಿ ತೊಳೆಯಬೇಕು. ಮಲೆನಾಡಿನ ಹಳ್ಳದ ನೀರು ಕುಡಿದ ನಾಯಿ ದಿನಗಟ್ಟಲೆ ಸೀನುತ್ತ ಒಂದೇ ಹೊಳ್ಳೆಯಿಂದ ರಕ್ತ ಸುರಿಸುತ್ತಿದ್ದರೆ ಮೂಗಿನೊಳಗೆ ಇಂಬಳ ಹೊಕ್ಕಿರಬಹುದು.

ರೇಬೀಸು

ಹುಚ್ಚುನಾಯಿ ಎಂದರೆ ಅಟ್ಟಿಸಿಕೊಂಡು ಬಂದು ಕಚ್ಚುವ ನಾಯಿಯ ಚಿತ್ರ ಎಲ್ಲರ ಮನಸ್ಸಿನಲ್ಲಿದೆ. ಇನ್ನೊಂದು ಬಗೆ ಸದ್ದಿಲ್ಲದ್ದು. ದವಡೆ ಜೋತು ಬೀಳುತ್ತದೆ, ನುಂಗಲಾಗದೆ ಜೊಲ್ಲು ಸುರಿಯುತ್ತದೆ, ಬೊಗಳುವ ದನಿ ಒಡೆದಿರುತ್ತದೆ. ನೋಡಿದವರಿಗೆ ‘ಪಾಪ, ಗಂಟಲಲ್ಲಿ ಮೂಳೆ ಸಿಕ್ಕಿದೆ’ ಎನಿಸುತ್ತದೆ. ಬಾಯೊಳಗೆ ಕೈ ಹಾಕುತ್ತಾರೆ. ರೇಬೀಸು ತಗಲಿದ ಹಸು ಮೇವು ಬಿಟ್ಟು, ಜೊಲ್ಲು ಸುರಿಸಿ, ಒಂದೇ ಸಮನೆ ಅರಚಿದಾಗ ಗೊಟ್ಟದಲ್ಲಿ ಕಷಾಯ ಕುಡಿಸಲು ಹೋಗಿ ಮನೆಮಂದಿಯೆಲ್ಲ ಜೊಲ್ಲು ಮೈಗೆ ಹಚ್ಚಿಕೊಳ್ಳುವುದುಂಟು. ಲಸಿಕೆಯ ಖಾತ್ರಿಯಿಲ್ಲದ, ನಡತೆ ಬದಲಾದ ಪ್ರಾಣಿಯ ಬಾಯಿಗೆ ಬರಿಗೈ ಹಾಕಲೇಬಾರದು. ಲಕ್ಷಣ ಕಂಡ ಮೇಲೆ ಈ ರೋಗಕ್ಕೆ ಮದ್ದಿಲ್ಲ.

ಸಾಕಿದ ನಾಯಿಯನ್ನು ಬೀದಿನಾಯಿ ಕಚ್ಚಿದರೆ ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ ಹದಿನೈದು ನಿಮಿಷ ತೊಳೆಯಬೇಕು, ಕೈಗವಸಿರಲಿ. ಆಮೇಲೆ ಪೊವಿಡೋನ್ ಅಯೋಡಿನ್. ಸುಣ್ಣ, ಖಾರದಪುಡಿ, ಕಾಫಿಪುಡಿ ಮೆತ್ತಬಾರದು. ಹಿಂದೆ ಲಸಿಕೆ ಆಗಿದ್ದರೂ ಕಡಿತದ ನಂತರದ ಚುಚ್ಚುಮದ್ದು ಬೇಕು. ತೊಳೆದವರ ಕೈಯಲ್ಲಿ ತರಚು ಗಾಯವಿದ್ದರೆ ಅವರೂ ಅದೇ ದಿನ ವೈದ್ಯರನ್ನು ಕಾಣಬೇಕು.

ತಡಮಾಡಬಾರದ ಇತರ ಸ್ಥಿತಿಗಳು

ಮನುಷ್ಯರಿಗೆ ಮಾಡುವಂತೆ ಫಿಟ್ಸ್ ಬಂದ ನಾಯಿಯ ಕೈಗೆ ಬೀಗದಕೈ ಹಿಡಿಸಲಾಗದು, ಆದರೆ ಬಾಯಿಗೆ ಚಮಚ ತುರುಕಲು ಹೋಗುವವರಿದ್ದಾರೆ. ನಾಲಗೆ ನುಂಗಿಕೊಳ್ಳುವ ಭಯವಿಲ್ಲ. ಸುತ್ತಲಿನ ಕುರ್ಚಿ ಮೇಜು ಸರಿಸಿ, ದೀಪ ಆರಿಸಿ, ಗಡಿಯಾರ ನೋಡಬೇಕು. ಐದು ನಿಮಿಷ ಮೀರಿದರೆ, ಅಥವಾ ದಿನದಲ್ಲಿ ಎರಡಕ್ಕಿಂತ ಹೆಚ್ಚು ಸಲ ಬಂದರೆ ತುರ್ತು. ಮರಿ ಹಾಕಿ ಎರಡು ಮೂರು ವಾರವಾದ ಸಣ್ಣ ಜಾತಿಯ ತಾಯಿನಾಯಿ ನಡುಗುತ್ತ ಸೆಟೆದರೆ ಹಾಲಿಗೆ ಸುಣ್ಣದಂಶ ಬಸಿದುಹೋಗಿದೆ. ಮರಿಗಳನ್ನು ಬೇರ್ಪಡಿಸಿ ಕೂಡಲೇ ಕರೆದೊಯ್ಯಬೇಕು.

ಗಂಡು ಬೆಕ್ಕು ಮತ್ತೆ ಮತ್ತೆ ಮರಳಿನ ಡಬ್ಬಿಗೆ ಹೋಗಿ ತಿಣುಕುತ್ತಿದ್ದರೆ ‘ಎರಡು ದಿನದಿಂದ ಮೋಷನ್ ಆಗ್ತಿಲ್ಲ ಡಾಕ್ಟ್ರೇ’ ಎನ್ನುತ್ತಾರೆ. ಕಟ್ಟಿರುವುದು ಮೂತ್ರ. ಒಂದೆರಡು ದಿನದಲ್ಲಿ ರಕ್ತದ ಪೊಟ್ಯಾಸಿಯಂ ಏರಿ ಹೃದಯ ನಿಲ್ಲುತ್ತದೆ. ದೊಡ್ಡ ನಾಯಿ ಊಟದ ನಂತರ ಹೊಟ್ಟೆ ಉಬ್ಬಿ, ಓಕರಿಸಿದರೂ ಏನೂ ಹೊರಬಾರದೆ ಚಡಪಡಿಸಿದರೆ ಜಠರ ತಿರುಚಿಕೊಂಡಿದೆ. ಅಲ್ಲಿ ಗಂಟೆಗಳಷ್ಟೇ ಕೈಯಲ್ಲಿರುವುದು. ಲಸಿಕೆಯಾಗದ ಮರಿಯ ವಾಂತಿ ಮತ್ತು ದುರ್ವಾಸನೆಯ ರಕ್ತಭೇದಿ ಪಾರ್ವೊ ವೈರಸ್ ಸೋಂಕಿನ ಗುರುತಿರಬಹುದು.

ಹೂ ಕಟ್ಟುವ ಮನೆಗಳ ಬೆಕ್ಕುಗಳಿಗೆ ಒಂದು ವಿಶೇಷ ಆಪತ್ತಿದೆ. ಮಲ್ಲಿಗೆ ಮಾಲೆಯ ಬಿಟ್ಟ ದಾರದೊಡನೆ ಆಡುತ್ತ ನುಂಗುತ್ತದೆ. ಒಂದು ತುದಿ ನಾಲಗೆಯ ಬುಡಕ್ಕೆ ಸುತ್ತಿಕೊಂಡು ಇನ್ನೊಂದು ಕರುಳಿಗಿಳಿಯುತ್ತದೆ, ಕರುಳು ಲಾಡಿ ಎಳೆದ ಪೈಜಾಮದಂತೆ ನೆರಿಗೆಗಟ್ಟುತ್ತದೆ. ಬಾಯಲ್ಲೋ ಗುದದಲ್ಲೋ ದಾರ ಕಂಡರೆ ಎಳೆಯಬಾರದು, ಕರುಳು ಗರಗಸದಲ್ಲಿ ಕೊಯ್ದಂತೆ ಸೀಳುತ್ತದೆ. ನಾಯಿಗಳಲ್ಲಿ ಬೇಸಿಗೆಯ ಇಂಥದೇ ಕಾಟ ಮಾವಿನ ವಾಟೆ.

ದನ, ಹಕ್ಕಿ

ಹಸುವಿನ ಎಡಪಕ್ಕೆಯ ಗುಂಡಿ ಉಬ್ಬಿ ತಮಟೆಯಂತೆ ಸದ್ದು ಮಾಡಿದರೆ ಹೊಟ್ಟೆಯುಬ್ಬರ. ಮುಂಗಾಲು ಎತ್ತರದಲ್ಲಿರುವಂತೆ ನಿಲ್ಲಿಸಿ, ಬಾಯಿಗೆ ಅಡ್ಡಲಾಗಿ ಕೋಲು ಕಟ್ಟಿ ಜಗಿಯಲು ಬಿಟ್ಟರೆ ತೇಗು ಬಂದು ಗಾಳಿ ಇಳಿಯಬಹುದು. ನಾಲಗೆ ಎಳೆದುಹಿಡಿದು ಗೊಟ್ಟದಲ್ಲಿ ಕುಡಿಸಿದ ಎಣ್ಣೆ ಶ್ವಾಸಕೋಶ ಸೇರಿ ಎಷ್ಟೋ ಹಸುಗಳು ಸತ್ತಿವೆ. ಮದುವೆ ಮನೆಯಲ್ಲಿ ಉಳಿದ ಅನ್ನವನ್ನು ರಾಶಿ ಸುರಿಯುವುದು ಪುಣ್ಯವೆನಿಸಿದರೂ ಹೊಟ್ಟೆಯಲ್ಲಿ ಆಮ್ಲವಾಗಿ ಹಸುವನ್ನು ಕೆಡವುತ್ತದೆ. ಎಳೆ ಜೋಳದ ಪೈರು ಮೇದು ನಿಂತಲ್ಲೇ ಕುಸಿಯುವ ದನಕ್ಕೆ ತಗಲಿರುವುದು ಸೈನೈಡ್, ನಿಮಿಷಗಳ ಮಾತು. 1962 ಸಂಖ್ಯೆಗೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ರೈತರ ಬಾಗಿಲಿಗೆ ಬರುವ ವ್ಯವಸ್ಥೆಯಿದೆ. ಕೊಡಗಿನಲ್ಲಿ 2018ರ ಆಗಸ್ಟಿನಲ್ಲಿ ಆದಂಥ ಗುಡ್ಡ ಕುಸಿತ, ನೆರೆಗಳಲ್ಲಿ ಜನ ಮನೆಬಿಟ್ಟು ಓಡಬೇಕಾದಾಗ, ಕೊಟ್ಟಿಗೆಯ ಹಗ್ಗ ಬಿಚ್ಚಿ ಹೋಗುವುದೇ ದನಗಳಿಗೆ ಮಾಡಬಹುದಾದ ಪ್ರಥಮ ಚಿಕಿತ್ಸೆ.

ಗಾಳಿಪಟದ ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿ ನಿಷೇಧಿಸಿದರೂ ರೆಕ್ಕೆ ಕೊಯ್ದುಕೊಂಡ ಹದ್ದು, ಪಾರಿವಾಳಗಳು ಈಗಲೂ ಸಿಗುತ್ತವೆ. ದಾರವನ್ನು ಎಳೆಯದೆ ಎರಡೂ ಕಡೆ ಕತ್ತರಿಸಿ, ಗಾಳಿಯಾಡುವ ರಟ್ಟಿನ ಡಬ್ಬಿಯೊಳಗೆ ಬಟ್ಟೆ ಹಾಸಿ ಕತ್ತಲಲ್ಲಿಟ್ಟು ಕೊಂಡೊಯ್ಯಬೇಕು. ಕೊಕ್ಕಿಗೆ ನೀರು ಬಿಟ್ಟರೆ ಉಸಿರುನಾಳಕ್ಕೆ ಹೋಗುತ್ತದೆ.

ಡಬ್ಬಿ ಮತ್ತು ದಾರಿ

ಗಾಜ್ ಸುರುಳಿ, ಕ್ರೇಪ್ ಬ್ಯಾಂಡೇಜು, ಹತ್ತಿ, ಸಲೈನ್, ಪೊವಿಡೋನ್ ಅಯೋಡಿನ್, ಮೊಂಡು ತುದಿಯ ಕತ್ತರಿ, ಚಿಮಟ, ಥರ್ಮಾಮೀಟರು, ಸೂಜಿಯಿಲ್ಲದ ಸಿರಿಂಜು, ಕೈಗವಸು, ಟಾರ್ಚು, ದಪ್ಪ ಟವೆಲು. ಇವು ಒಂದೇ ಡಬ್ಬಿಯಲ್ಲಿ, ಮನೆಮಂದಿಗೆಲ್ಲ ಗೊತ್ತಿರುವ ಜಾಗದಲ್ಲಿರಬೇಕು. ಮುಚ್ಚಳದ ಒಳಗೆ ಪ್ರಾಣಿಯ ತೂಕ, ಲಸಿಕೆಯ ತಾರೀಕು, ಹಗಲಿನ ವೈದ್ಯರ ಸಂಖ್ಯೆ, ರಾತ್ರಿ ತೆರೆದಿರುವ ಆಸ್ಪತ್ರೆಯ ಸಂಖ್ಯೆ ಬರೆದು ಅಂಟಿಸಿರಬೇಕು. ಸಣ್ಣ ಊರುಗಳಲ್ಲಿ ರಾತ್ರಿ ಯಾರು ಸಿಗುತ್ತಾರೆಂದು ಹಗಲಲ್ಲೇ ವಿಚಾರಿಸಿಟ್ಟುಕೊಳ್ಳಬೇಕಾಗುತ್ತದೆ. ಹೊರಡುವಾಗ ಒಬ್ಬರು ವಾಹನ ನಡೆಸಿದರೆ ಇನ್ನೊಬ್ಬರು ಹಿಂದೆ ಪ್ರಾಣಿಯ ಜೊತೆ ಕೂರಬೇಕು. ಅರಿವಳಿಕೆ ಬೇಕಾಗಬಹುದಾದ್ದರಿಂದ ದಾರಿಯಲ್ಲಿ ಬಿಸ್ಕತ್ತು, ಹಾಲು ಕೊಡಬಾರದು. ವಾಂತಿಯ, ಭೇದಿಯ, ಫಿಟ್ಸಿನ ಒಂದು ನಿಮಿಷದ ವೀಡಿಯೊ ಮೊಬೈಲಿನಲ್ಲಿದ್ದರೆ ವೈದ್ಯರು ಕೇಳುವ ಹತ್ತು ಪ್ರಶ್ನೆಗಳಿಗೆ ಅದೇ ಉತ್ತರವಾಗುತ್ತದೆ.